ನನ್ನ ಹೆಸರು ಇಗರ್ಜಿಯ ಪುಸ್ತಕದಲ್ಲಿದೆ

ಹೋದ ವಾರ ತಮ್ಮ ಫೋನ್ ಮಾಡಿದ್ದ. ಅವನ ಮಗಳು ಪಿಯುಸಿ ಮುಗಿಸಿದ್ದಾಳೆ. ನರ್ಸಿಂಗೇ ಓದುತ್ತೇನೆ ಅಂತ ಹಟ ಹಿಡಿದು ಕೂತಿದ್ದಾಳಂತೆ. ಸೀಟು ಸಿಗುವ ಹಾಗಿರುವುದು ಸಿಸ್ಟರುಗಳು ನಡೆಸುವ ಒಂದು ಕಾಲೇಜಿನಲ್ಲಿ. ಮಳೆ, ಕೊಳೆರೋಗ, ಕೆಟ್ಟು ಕೂತ ಪಂಪು ಎಲ್ಲ ಮಾತಾಡಿ ಮುಗಿದ ಮೇಲೆ ವಿಷಯಕ್ಕೆ ಬಂದ.

"ಅಕ್ಕಾ, ಅಲ್ಲಿ ಹುಡುಗಿಯರನ್ನ ಮತಾಂತರ ಮಾಡ್ತಾರಂತೆ, ಹೌದಾ? ನೀನು ಅಂಥ ಕಡೆಯೇ ಓದಿದವಳಲ್ವಾ?"

"ನನ್ನನ್ನಂತೂ ಯಾರೂ ಮಾಡಲಿಲ್ಲ," ಅಂದೆ. "ನಾನೇ ಒಂದು ಮಗುವಿಗೆ ಜ್ಞಾನಸ್ನಾನ ಕೊಟ್ಟು ಬಂದಿದ್ದೇನೆ."

ನೀರು ಹೊಯ್ದು ಕ್ರೈಸ್ತರನ್ನಾಗಿ ಮಾಡುವ ಶಾಸ್ತ್ರ, ಅದನ್ನು ನಾನು ಕೊಟ್ಟೆ ಅಂದದ್ದಕ್ಕೆ ಅವನು ಜೋರಾಗಿ ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ನಾನು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಸೇರಿದ್ದು 2001ರಲ್ಲಿ. ನಮ್ಮ ಮನೆ ಶಿರಸಿಯಿಂದ ಒಳಗೆ, ಬಸ್ಸಿಳಿದು ಮತ್ತೆ ಅರ್ಧ ಗಂಟೆ ನಡೆಯುವ ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಜೊತೆಗೆ ಅಪ್ಪಯ್ಯನ ಪೌರೋಹಿತ್ಯ. 2000ದ ಆಚೀಚೆ ಅಡಿಕೆ ದರ ಹೇಗೆ ಬಿತ್ತು ಅನ್ನೋದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪಯ್ಯ ಪೇಟೆಗೆ ಹೋಗಿ ಟೆಂಡರ್ ನೋಡಿಕೊಂಡು ಬಂದರೆ ಕೊಡೆ ಮೂಲೆಗಿಟ್ಟು, ಕುಡಿಯಲು ಆಸರಿ ಕೂಡ ಕೇಳದೆ ಮಲಗುತ್ತಿದ್ದ. ಧಾರವಾಡಕ್ಕೆ ಕಳಿಸಿ ಬಿಎಸ್ಸಿ ಓದಿಸುವ ಮಾತು ಆ ವರ್ಷವೇ ಬಿದ್ದುಹೋಯಿತು. ಆಗ ಮೇಷ್ಟರಾಗಿದ್ದ ನಮ್ಮ ಸೋದರಮಾವ ಈ ಶಾಲೆಯ ಸುದ್ದಿ ತಂದ. ಫೀಸು ಕಡಿಮೆ. ಹಾಸ್ಟೆಲ್ ಅಲ್ಲೇ. ಓದುವಾಗಲೇ ತಿಂಗಳಿಗೆ ಇಷ್ಟು ಅಂತ ಸ್ಟೈಪೆಂಡ್. ಮುಗಿದ ಮರುದಿನವೇ ಕೆಲಸ.

ಶಾಲೆಯ ಹೆಸರು ಹೇಳುವುದಿಲ್ಲ. ನಮ್ಮ ಜಿಲ್ಲೆಯದೇ ಕರಾವಳಿ, ಶರಾವತಿಗೂ ಕಾಳಿಗೂ ನಡುವೆ ಎಲ್ಲೋ ಒಂದು ಕಡೆ ಅಂತ ಇಟ್ಟುಕೊಳ್ಳಿ.

ಊರಲ್ಲಿ ಸುದ್ದಿ ಹಬ್ಬಿದ್ದು ಹೀಗೆ: "ಭಟ್ಟರ ಮನೆ ಕೂಸು ಸಿಸ್ಟರ್ ಆಪಲೆ ಹೋಯ್ದಡ." ಅರ್ಧ ಊರು ನಾನು ನರ್ಸ್ ಆಗಲು ಹೋಗಿದ್ದೇನೆ ಅಂತ ತಿಳಿದರೆ, ಇನ್ನರ್ಧ ಊರು ಸನ್ಯಾಸಿನಿ ಆಗಲು ಹೋಗಿದ್ದೇನೆ ಅಂತ ತಿಳಿಯಿತು. ತಪ್ಪು ಅವರದಲ್ಲ. ಆ ಶಬ್ದವೇ ಹಾಗಿದೆ. ಯುರೋಪಿನ ಆಸ್ಪತ್ರೆಗಳಲ್ಲಿ ರೋಗಿ ನೋಡಿಕೊಳ್ಳುವ ಕೆಲಸ ಎಷ್ಟೋ ಶತಮಾನ ಹೆಚ್ಚಾಗಿ ಮಠದ ಹೆಂಗಸರದೇ ಆಗಿತ್ತು. ಮಠ ಬಿಟ್ಟು ಕೆಲಸ ಹೊರಗೆ ಬಂದಾಗ ಹೆಸರೂ ಜೊತೆಗೇ ಬಂತು, ತಲೆ ಮೇಲಿನ ಬಿಳಿ ಟೋಪಿಯೂ ಬಂತು. ನಮ್ಮ ವಾರ್ಡಿನಲ್ಲಂತೂ ಯಾರಾದರೂ "ಸಿಸ್ಟರ್" ಅಂತ ಕೂಗಿದರೆ ಆರು ಜನ ತಿರುಗುತ್ತಿದ್ದರು. ಅದರಲ್ಲಿ ಮೂವರು ಮಠದವರು, ಮೂವರು ನಮ್ಮಂಥವರು.

ಆಯಿ ಕಟ್ಟಿಕೊಟ್ಟದ್ದು ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಟ್ಟೆಯಲ್ಲಿ ಸುತ್ತಿದ ಒಂದು ಗಣಪತಿ ಫೋಟೋ. ದೇವಿಮನೆ ಘಾಟಿ ಇಳಿಯುವಾಗ ಮೂರು ಸಲ ವಾಂತಿ ಮಾಡಿದೆ. ಕುಮಟಾ ಸ್ಟ್ಯಾಂಡಿನಲ್ಲಿ ಇಳಿದಾಗ ಮೂಗಿಗೆ ಬಡಿದದ್ದು ಒಣಮೀನಿನ ವಾಸನೆ. ಇನ್ನು ಮೂರು ವರ್ಷ ಇದೇ ಗತಿ ಅಂದುಕೊಂಡೆ. ಅದು ತಪ್ಪು. ಮೂರು ತಿಂಗಳಿಗೆ ಆ ವಾಸನೆ ಬರುವುದೇ ನಿಂತುಹೋಯಿತು. ಊರಿಗೆ ಹೋದಾಗ ಅಜ್ಜಿ ನನ್ನ ಬ್ಯಾಗು ಮೂಸಿ, "ಮೀನು ತಿಂದಿದ್ದಿಲ್ಲೆ ಅಲ್ದನೇ ಕೂಸೆ?" ಅಂತ ಕೇಳಿದಾಗಲೇ ಗೊತ್ತಾದದ್ದು, ವಾಸನೆ ಹೋಗಿಲ್ಲ, ನಾನೇ ಅದರೊಳಗೆ ಸೇರಿಹೋಗಿದ್ದೇನೆ ಅಂತ.

ನಮ್ಮ ಕೋಣೆಯಲ್ಲಿ ನಾಲ್ಕು ಜನ. ಕೇರಳದವಳೊಬ್ಬಳು. ಕೊಂಕಣ ರೈಲು ಪೂರ್ತಿ ಶುರುವಾಗಿ ಆಗ ಮೂರು ವರ್ಷ ಆಗಿತ್ತಷ್ಟೆ, ಅವರೆಲ್ಲ ದೊಡ್ಡ ದೊಡ್ಡ ಟ್ರಂಕು ಹೊತ್ತು ರೈಲಿನಲ್ಲೇ ಬರುತ್ತಿದ್ದರು. ಹೊನ್ನಾವರ ಕಡೆಯ ನಾಮಧಾರಿ ಹುಡುಗಿ ಒಬ್ಬಳು. ಮತ್ತೊಬ್ಬಳು ಹಳಿಯಾಳ ತಾಲ್ಲೂಕಿನ ಸಿದ್ದಿ ಹುಡುಗಿ, ಕ್ರೈಸ್ತಳು. ಹಳಿಯಾಳ, ಯಲ್ಲಾಪುರದ ಕಾಡಂಚಿನ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಇವಳದು ಕೊಂಕಣಿಯೂ ಕನ್ನಡವೂ ಬೆರೆತ ಮಾತು. ನನಗಿಂತ ಎರಡು ವರ್ಷ ದೊಡ್ಡವಳು. ಅವಳ ಹೆಸರೂ ಬರೆಯುವುದಿಲ್ಲ. ಆದರೆ ಈ ಕತೆಯಲ್ಲಿ ಅರ್ಧ ಪಾಲು ಅವಳದೇ.

ಕ್ರೈಸ್ತರಲ್ಲದವರು ಬೆಳಗಿನ ಪ್ರಾರ್ಥನೆಗೆ ನಿಲ್ಲಬೇಕು, ಭಾನುವಾರದ ಪೂಜೆಗೆ ಬರಲೇಬೇಕು ಅಂತಿಲ್ಲ. ಇದು ನಿಯಮ. ಮೊದಲ ಭಾನುವಾರ ನನಗದು ಗೊತ್ತಿರಲಿಲ್ಲ. ಎಲ್ಲರ ಜೊತೆ ಹೋಗಿ ಚಾಪೆಲಿನ ನಡುವಿನ ಬೆಂಚಿನಲ್ಲಿ ಕೂತೆ. ಅವರು ನಿಂತಾಗ ನಿಂತೆ, ಮಂಡಿಯೂರಿದಾಗ ಊರಿದೆ. ಕೊನೆಗೆ ಬೆಂಚಿಗೆ ಬೆಂಚೇ ಎದ್ದು ಸಾಲಾಗಿ ಮುಂದೆ ಹೊರಟಿತು. ಪಾದ್ರಿಗಳು ಒಬ್ಬೊಬ್ಬರಿಗೂ ಒಂದು ಬಿಳಿ ಬಿಲ್ಲೆ ಕೊಡುತ್ತಿದ್ದರು. ಓ, ಪ್ರಸಾದ! ನಾನೂ ಎದ್ದೆ. ಎಡಗೈ ಮೇಲೆ ಬಲಗೈ ಇಟ್ಟು, ತೀರ್ಥಕ್ಕೆ ಒಡ್ಡುವ ಹಾಗೆ ಒಡ್ಡಿಕೊಂಡು ಭಕ್ತಿಯಿಂದಲೇ ನಡೆದೆ. ನನ್ನ ಮುಂದೆ ಇನ್ನು ಮೂರೇ ಜನ. ಆಗ ಹಿಂದಿನಿಂದ ಯಾರೋ ವೇಲು ಹಿಡಿದು ಎಳೆದರು. ಹಳಿಯಾಳದವಳು.

"ನಿಂಗಲ್ಲ," ಅಂತ ಪಿಸುಗುಟ್ಟಿದಳು.

ವಾಪಸ್ ಬಂದು ಕೂತೆ. ಇಡೀ ಚಾಪೆಲಿನಲ್ಲಿ ನಾನೂ ನಾಮಧಾರಿ ಹುಡುಗಿಯೂ ಇಬ್ಬರೇ ಕೂತವರು. ಕಿವಿ ಬಿಸಿಯಾಗಿತ್ತು. ಅದು ಪ್ರಸಾದ ಅಲ್ಲ ಅಂತ ಆಮೇಲೆ ಅವಳೇ ವಿವರಿಸಿದಳು. ಪೂಜೆಯಲ್ಲಿ ಆ ರೊಟ್ಟಿ ಯೇಸುವಿನ ಶರೀರವೇ ಆಗುತ್ತದೆ ಅನ್ನೋದು ಅವರ ನಂಬಿಕೆ. ಅವರಲ್ಲೇ ದೊಡ್ಡ ಪಾಪ ಮಾಡಿ, ಪಾಪನಿವೇದನೆ ಮಾಡದೆ ಇದ್ದವರೂ ಅದನ್ನು ತಗೊಳ್ಳುವ ಹಾಗಿಲ್ಲ. ಎಲ್ಲ ಅರ್ಥವಾಯಿತು. ಆದರೂ ಹೊಟ್ಟೆಯೊಳಗೆ ಏನೋ ಚುಚ್ಚುತ್ತಲೇ ಇತ್ತು. ಪ್ರಸಾದ ಬೇಡ ಅಂದರೆ ನಮ್ಮಲ್ಲಿ ತಪ್ಪು. ಅಲ್ಲಿ ನಾನು ಬೇಕು ಅಂದರೆ ತಪ್ಪು. ಹದಿನೆಂಟು ವರ್ಷ ಯಾವ ದೇವಸ್ಥಾನದಲ್ಲೂ ಯಾವ ಮನೆಯಲ್ಲೂ ನನಗೆ ಯಾರೂ "ನಿಂಗಲ್ಲ" ಅಂದಿರಲಿಲ್ಲ. ತಿಂಗಳಿನ ಆ ಮೂರು ದಿನ ಬಿಟ್ಟರೆ.

ಆ ಮೂರು ದಿನದ ವಿಷಯವನ್ನೂ ಹೇಳಿಬಿಡುತ್ತೇನೆ. ಹಾಸ್ಟೆಲಿನಲ್ಲಿ ಮೊದಲ ಸಲ ಮುಟ್ಟಾದಾಗ ಊಟದ ಹೊತ್ತಿಗೆ ನಾನು ಮೆಸ್ಸಿನ ಬಾಗಿಲಲ್ಲೇ ನಿಂತಿದ್ದೆ. ಎಲ್ಲಿ ಕೂರಬೇಕು ಅಂತ ಗೊತ್ತಾಗಲಿಲ್ಲ. ಅಡುಗೆಯವಳು ಏನು ಅಂತ ಕೇಳಿದಳು. ಹೇಳಿದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, "ಅದಕ್ಕೆ ಹೊಟ್ಟೆ ಹಸಿಯೂದಿಲ್ವಾ?" ಅಂದು ಕೈಗೆ ತಟ್ಟೆ ಕೊಟ್ಟಳು.

ಎಲ್ಲ ಹೂವಿನ ಹಾಗಿತ್ತು ಅಂತ ಏನಿಲ್ಲ. ವಾರ್ಡನ್ ಸಿಸ್ಟರ್ ಒಬ್ಬರಿದ್ದರು. ನನ್ನ ಗಣಪತಿ ಫೋಟೋ ನೋಡಿ, "ಅದು ಪೆಟ್ಟಿಗೆಯೊಳಗೇ ಇರಲಿ," ಅಂದರು. ಮೂರು ವರ್ಷ ಗಣಪತಿ ಪೆಟ್ಟಿಗೆಯೊಳಗೇ, ಸ್ವೆಟರ್ ಕೆಳಗೆ ಇದ್ದ. ಚೌತಿಗೆ ರಜೆ ಇರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಚೌತಿಗೆ ಮನೆಯಲ್ಲಿಲ್ಲ ಅಂದರೆ ಏನು ಅಂತ ಇಲ್ಲಿಯವರಿಗೆ ಮಾತ್ರ ಗೊತ್ತು. ಇನ್ನೊಬ್ಬ ವಯಸ್ಸಾದ ಸಿಸ್ಟರ್ ದಿಂಬಿನಡಿ ಸಂತರ ಸಣ್ಣ ಸಣ್ಣ ಚಿತ್ರ ಇಟ್ಟು ಹೋಗುತ್ತಿದ್ದರು. "ಸುಮ್ನೆ ಇಟ್ಕೋ, ಕಚ್ಚೂದಿಲ್ಲ." ಕಚ್ಚಲಿಲ್ಲ, ನಿಜ. ಪುಸ್ತಕಕ್ಕೆ ಗುರುತು ಇಡಲು ಉಪಯೋಗವಾಯಿತು. ಪೂಜೆಗೆ ಹೋಗದ ನಮ್ಮಿಬ್ಬರಿಗೆ ಆ ಹೊತ್ತಿನಲ್ಲಿ ಕಾರಿಡಾರ್ ಒರೆಸುವ ಕೆಲಸ ಬೀಳುತ್ತಿದ್ದುದೂ ಕಾಕತಾಳೀಯ ಅಲ್ಲ ಅಂತ ನನ್ನ ಅನಿಸಿಕೆ.

ಅದೇ ವಾರ್ಡನ್ ಸೆಪ್ಟೆಂಬರ್ 8ಕ್ಕೆ ಬೇರೆ ಮನುಷ್ಯಳಾಗುತ್ತಿದ್ದರು. ಅವತ್ತು ಮೋಂತಿ ಫೆಸ್ತ್, ಮಾತೆ ಮರಿಯಮ್ಮನ ಹುಟ್ಟುಹಬ್ಬ. ಹೊಸ ಭತ್ತದ ತೆನೆ ತಂದು ಪೂಜೆಯಲ್ಲಿಟ್ಟು, ಮನೆಗೆ ಒಯ್ದು ಹೊಸ ಅಕ್ಕಿ ಊಟ ಮಾಡುವ ಹಬ್ಬ. ನಮ್ಮ ಹೊಸ್ತಿನ ಹಾಗೇ. ಮಂಗಳೂರು ಕಡೆಯ ಸಿಸ್ಟರುಗಳು ಅವತ್ತು ಮೀನು ಮಾಂಸ ಮುಟ್ಟುತ್ತಿರಲಿಲ್ಲ. ಇಡೀ ಮೆಸ್ಸಿಗೆ ಸಸ್ಯಾಹಾರ. ವರ್ಷವಿಡೀ ಗಂಜಿಗೆ ಉಪ್ಪಿನಕಾಯಿ ನೆಂಜಿಕೊಂಡು ಬದುಕಿದವಳಿಗೆ ವಾರ್ಡನ್ ತಾವೇ ಬಂದು ಮೂರು ಸಲ ಪಲ್ಯ ಬಡಿಸಿದರು. "ಇವತ್ತು ನಾವೆಲ್ಲ ನಿನ್ನ ಜಾತಿ," ಅಂದರು. ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಓದಿನಲ್ಲಿ ನಾನು ನಡುಮಧ್ಯದವಳು. ಒಂದು ವಿಷಯದಲ್ಲಿ ಮಾತ್ರ ಇಡೀ ಬ್ಯಾಚಿಗೇ ಮೊದಲು. ಆಪರೇಷನ್ ಥಿಯೇಟರಿನ ಮಡಿ.

ಅದನ್ನು ಅಲ್ಲಿ ಸ್ಟರೈಲ್ ಟೆಕ್ನಿಕ್ ಅನ್ನುತ್ತಾರೆ. ಕೈ ತೊಳೆದ ಮೇಲೆ ಮೊಣಕೈ ಕೆಳಗಿಟ್ಟು ಬೆರಳು ಮೇಲೆತ್ತಿ ಬರಬೇಕು, ನೀರು ಮೊಣಕೈಯಿಂದಲೇ ಇಳಿಯಬೇಕು. ಗೌನ್ ಹಾಕಿದ ಮೇಲೆ ಕೈ ಸೊಂಟದಿಂದ ಕೆಳಗೆ ಹೋಗಬಾರದು. ಶುದ್ಧವಾದದ್ದನ್ನು ಶುದ್ಧವಾದದ್ದೇ ಮುಟ್ಟಬೇಕು. ಸಂಶಯ ಬಂದರೆ ಮೈಲಿಗೆ ಅಂತಲೇ ಲೆಕ್ಕ. ಬೇರೆ ಹುಡುಗಿಯರು ಮೂಗು ತುರಿಸಿಕೊಂಡು, ಟ್ರಾಲಿಗೆ ಒರಗಿ ಬೈಸಿಕೊಳ್ಳುತ್ತಿದ್ದರು. ನನಗೆ ಇದೆಲ್ಲ ಹೊಸತೇ ಅನಿಸಲಿಲ್ಲ. ನಮ್ಮ ಅಜ್ಜಿ ಬೆಳಗ್ಗೆ ಬಾವಿಯಿಂದ ಒದ್ದೆ ಸೀರೆಯಲ್ಲಿ, ಕೈ ಮೈಗೆ ತಾಗಿಸಿಕೊಂಡು, "ಮುಟ್ಟಡ, ಆಚೆ ಸರಿ," ಅಂತ ಅಡುಗೆಮನೆಗೆ ಹೋಗುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ಗೋಡೆಗೆ ತಾಗದೆ, ಬಾಗಿಲಿಗೆ ತಾಗದೆ, ಬೆಕ್ಕಿಗೂ ತಾಗದೆ. ಥಿಯೇಟರ್ ಸಿಸ್ಟರ್ ಒಂದು ದಿನ ನಾನು ನಡೆಯುವುದನ್ನೇ ನೋಡುತ್ತ, "ನಿನಗೆ ಇದನ್ನು ಯಾರು ಕಲಿಸಿದರು?" ಅಂತ ಕೇಳಿದರು. "ಅಜ್ಜಿ," ಅಂದೆ. "ಅವರೂ ನರ್ಸಾ?" ಅಂದರು.

ಒಂದೇ ವ್ಯತ್ಯಾಸ. ಥಿಯೇಟರಿನಲ್ಲಿ ಮೈಲಿಗೆ ಆದರೆ ಗ್ಲೌಸ್ ಬದಲಿಸಿದರೆ ಮುಗಿಯಿತು. ಅದು ಮನುಷ್ಯನಿಗೆ ಅಂಟಿಕೊಂಡು ಹುಟ್ಟುವುದಿಲ್ಲ.

ನರ್ಸಿಂಗ್ ಇತಿಹಾಸದ ಕ್ಲಾಸು ನನಗಿಷ್ಟ. ಟ್ಯೂಟರ್ ಸಿಸ್ಟರ್ ಒಳ್ಳೆಯ ಕತೆಗಾರ್ತಿ. 1854ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕ್ರಿಮಿಯಾ ಯುದ್ಧಕ್ಕೆ ಹೊರಟಾಗ ಜೊತೆಗಿದ್ದವರು 38 ಜನ. ಅವರಲ್ಲಿ 10 ಮಂದಿ ಕ್ಯಾಥೊಲಿಕ್ ಸನ್ಯಾಸಿನಿಯರು, ಇನ್ನು ಕೆಲವರು ಆಂಗ್ಲಿಕನ್ ಸಿಸ್ಟರುಗಳು, ಉಳಿದವರು ಸಂಬಳದ ನರ್ಸುಗಳು. ನೈಟಿಂಗೇಲ್ ಸ್ವತಃ ಕ್ಯಾಥೊಲಿಕ್ ಅಲ್ಲ. "ಜಗಳ ಆಗದೆ ಇರ್ತದಾ?" ಅಂತ ಟ್ಯೂಟರ್ ಕಣ್ಣು ಮಿಟುಕಿಸಿದರು. ಅದೇ ಕ್ಲಾಸಿನಲ್ಲಿ ಚರಕನ ಹೆಸರೂ ಬಂತು. ಚಿಕಿತ್ಸೆಗೆ ನಾಲ್ಕು ಕಾಲು: ವೈದ್ಯ, ಔಷಧ, ರೋಗಿ, ಜೊತೆಗೆ ರೋಗಿಯನ್ನು ನೋಡಿಕೊಳ್ಳುವವನು. ನೋಡಿಕೊಳ್ಳುವವನಿಗೆ ಆರೈಕೆಯ ಅರಿವು, ಕೈಚಳಕ, ಪ್ರೀತಿ, ಶುಚಿ ಇರಬೇಕು. ರಜೆಯಲ್ಲಿ ಅಪ್ಪಯ್ಯನಿಗೆ ಇದನ್ನು ಹೇಳಿದೆ. "ಯಾರು ಹೇಳಿಕೊಟ್ಟಿದ್ದು?" ಅಂದ. ಸಿಸ್ಟರ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡ್ಡಿಲ್ಲೆ," ಅಂದ. ಅಪ್ಪಯ್ಯನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ.

ಈಗ ಹೇಳಲು ಕಷ್ಟವಾಗುವ ಭಾಗ.

2004ರ ಶಿರಸಿ ಜಾತ್ರೆ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆ ಸಲ ಎರಡು ದಿನ ರಜೆ ಗಿಟ್ಟಿಸಿದ್ದೆ. ಹಳಿಯಾಳದವಳು ತಾನೂ ಬರುತ್ತೇನೆ ಅಂದಳು. ಬಳೆ ಪೇಟೆ ಸುತ್ತಿದೆವು, ತೊಟ್ಟಿಲು ಹತ್ತಿದೆವು. ಅಮ್ಮನವರ ಮುಖ ನೋಡಲು ಸಾಲಿನಲ್ಲಿ ಎರಡು ತಾಸು ನಿಂತೆವು. ಆ ಸಾಲಿನಲ್ಲಿ ಅವಳಿಗೆ ಯಾರೂ "ನಿಂಗಲ್ಲ" ಅನ್ನಲಿಲ್ಲ. ರಾತ್ರಿ ನಮ್ಮ ಮನೆಗೆ ಬಂದೆವು.

ಆಯಿ ಒಳ್ಳೆಯವಳು. ಕಾಲಿಗೆ ನೀರು ಕೊಟ್ಟಳು, ಆಸರಿಗೆ ಮಜ್ಜಿಗೆ ಕೊಟ್ಟಳು. ಊಟದ ಹೊತ್ತಿಗೆ ಒಳಗೆ ಪಂಕ್ತಿ ಹಾಕಿದರು. ಅವಳಿಗೆ ಮಾತ್ರ ಹೊರಗಿನ ಜಗಲಿಯಲ್ಲಿ ಬಾಳೆ ಬಿತ್ತು. "ಒಳಗೆ ಸೆಖೆ, ಇಲ್ಲಿ ಗಾಳಿ ಬರ್ತದೆ," ಅಂತ ಆಯಿ ಅಂದಳು. ತಂಬುಳಿ, ಅಪ್ಪೆಹುಳಿ, ತುಪ್ಪ ಹಾಕಿದ ತೊಡದೇವು, ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ನಾನು ಅವಳ ಜೊತೆ ಜಗಲಿಯಲ್ಲಿ ಕೂರಬಹುದಿತ್ತು. ಕೂರಲಿಲ್ಲ. ಒಳಗೆ ನನ್ನ ಜಾಗದಲ್ಲಿ ಕೂತು ಉಂಡೆ. ಅವಳು ತನ್ನ ಬಾಳೆಯನ್ನು ತಾನೇ ಎತ್ತಿ ಎಸೆದಳು. ಬೆಳಗ್ಗೆ ಏಳುವಾಗ ಜಗಲಿಯ ಆ ಜಾಗಕ್ಕೆ ಸಗಣಿ ಸಾರಿಸಿ ಆಗಿತ್ತು.

ವಾಪಸ್ ಬರುವಾಗ ಘಾಟಿ ಅರ್ಧ ಇಳಿಯುವ ತನಕ ಅವಳು ಮಾತಾಡಲಿಲ್ಲ. ಆಮೇಲೆ ಕಿಟಕಿಯಾಚೆ ನೋಡುತ್ತಲೇ ಅಂದಳು: "ಚಾಪೆಲ್‌ನಲ್ಲಿ ನಾನು ನಿಂಗೆ ಬಾಯಿಬಿಟ್ಟು ಹೇಳಿದ್ದೆ. ನಿಮ್ಮನೇಲಿ ಗಾಳಿ ಹತ್ರ ಹೇಳಿಸಿದ್ರು."

ನಾನು ಏನೂ ಅನ್ನಲಿಲ್ಲ. ಅನ್ನಲು ಏನಿತ್ತು? ಎರಡು ವಾರ ನಮ್ಮಿಬ್ಬರ ನಡುವೆ ಬೇಕಾದಷ್ಟೇ ಮಾತು.

ಅದಾಗಿ ಮಳೆಗಾಲ. ಕೊನೆಯ ವರ್ಷ, ಹೆರಿಗೆ ವಾರ್ಡಿನ ಪೋಸ್ಟಿಂಗ್. ಮಿಡ್‌ವೈಫರಿ ಕ್ಲಾಸಿನಲ್ಲಿ ಟ್ಯೂಟರ್ ಸಿಸ್ಟರ್ ಪಠ್ಯದಲ್ಲಿಲ್ಲದ ಒಂದು ಪಾಠ ಮಾಡಿದ್ದರು. ಮಗು ಉಳಿಯುವ ಹಾಗಿಲ್ಲ, ಪಾದ್ರಿಗಳು ಬರುವಷ್ಟು ಹೊತ್ತಿಲ್ಲ ಅಂದರೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಯಾರು ಬೇಕಾದರೂ ಅಂದರೆ, ಕ್ರೈಸ್ತರಲ್ಲದವರು ಕೂಡ. 1983ರ ಅವರ ಧರ್ಮಸಭೆಯ ಕಾನೂನು ಸಂಹಿತೆಯಲ್ಲೇ, 861ನೆಯ ನಿಯಮದಲ್ಲಿ ಹಾಗಿದೆ. ನೀರು ನೀರೇ ಆಗಿರಬೇಕು. ತಲೆಯ ಮೇಲೆ ಹರಿಯಬೇಕು, ಬೆರಳು ಅದ್ದಿ ಒದ್ದೆ ಮಾಡಿದರೆ ಸಾಲದು. ಹೊಯ್ಯುವವರೇ ಮಾತನ್ನೂ ಹೇಳಬೇಕು. "ನಿನಗೆ ನಂಬಿಕೆ ಇರಬೇಕು ಅಂತಿಲ್ಲ," ಅಂತ ಟ್ಯೂಟರ್ ನನ್ನ ಕಡೆಗೇ ನೋಡಿದರು. "ಧರ್ಮಸಭೆ ಏನು ಮಾಡುತ್ತದೋ ಅದನ್ನು ಮಾಡುತ್ತೇನೆ ಅನ್ನುವ ಮನಸ್ಸಿದ್ದರೆ ಆಯ್ತು." ಆಮೇಲೆ ದನಿ ಬಿಗಿ ಮಾಡಿ, "ತಂದೆತಾಯಿ ಕೇಳದೆ ಯಾರ ಮಗುವಿಗೂ ನೀರು ಮುಟ್ಟಿಸಬೇಡಿ. ಹಿಂದೂ ಮಗು, ಮುಸ್ಲಿಂ ಮಗು ಅಂದರೆ ಕನಸಿನಲ್ಲೂ ಬೇಡ," ಅಂದರು.

ನಾನು ಅದನ್ನು ನೋಟ್ಸಿನಲ್ಲಿ ಬರೆದುಕೊಂಡೆ, ಪರೀಕ್ಷೆಗೆ ಬರುತ್ತದೇನೋ ಅಂತ. ಎಂಥ ವಿಚಿತ್ರ ಮನೆ ಅಂತಲೂ ಅನಿಸಿತ್ತು. ಒಳಗೆ ಬಂದು ಉಣ್ಣುವ ಹಾಗಿಲ್ಲ. ಆದರೆ ಬೇರೆಯವರಿಗೆ ಬಾಗಿಲು ತೆಗೆಯಬಹುದು.

ಜುಲೈ ತಿಂಗಳು, ರಾತ್ರಿ ಎರಡು ದಾಟಿತ್ತು. ಎರಡು ದಿನದಿಂದ ಬಿಡದ ಮಳೆ, ಫೋನ್ ಲೈನ್ ಸತ್ತಿತ್ತು. ಏಳು ತಿಂಗಳಿಗೇ ಹೆರಿಗೆಯಾದ ಒಬ್ಬ ಹೆಂಗಸು. ಮಗು ಒಂದು ಕಿಲೋ ನೂರು ಗ್ರಾಂ. ತಾಯಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ಡಾಕ್ಟರೂ ಲೇಬರ್ ರೂಮಿನ ಸಿಸ್ಟರೂ ಅವಳನ್ನು ಬಿಟ್ಟು ಅಲುಗುವ ಹಾಗಿಲ್ಲ. ಜೂನಿಯರ್ ಹುಡುಗಿ ರಕ್ತ ತರಲು ಓಡಿದ್ದಳು. ಮಗುವಿನ ಹತ್ತಿರ ನಾನೊಬ್ಬಳೇ. ವಾರ್ಮರ್ ಕೆಳಗೆ ಮಲಗಿಸಿ ಉಸಿರು ತುಂಬುವ ಅಂಬು ಬ್ಯಾಗು ಒತ್ತುತ್ತಿದ್ದೆ. ಬಣ್ಣ ಸ್ವಲ್ಪ ತಿರುಗುತ್ತದೆ, ಮತ್ತೆ ನೀಲಿ. ನನ್ನ ಎರಡು ಬೆರಳಿನಷ್ಟೇ ಅಗಲದ ಎದೆ.

ಬಾಗಿಲಲ್ಲಿ ಮಗುವಿನ ಅಪ್ಪ ನಿಂತಿದ್ದ. ದೋಣಿ ಎಂಜಿನ್ ರಿಪೇರಿ ಮಾಡುವವನು, ಉಗುರಲ್ಲಿ ಗ್ರೀಸು ಹಾಗೇ ಇತ್ತು. ಒಳಗೆ ಬರಲು ಹೆದರಿಕೊಂಡು ಅಲ್ಲಿಂದಲೇ ಕೇಳಿದ. "ಸಿಸ್ಟರ್, ನೀರು ಹಾಕ್ತೀರಾ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಾಯಿಂದ ಬಂದದ್ದು, "ನಾನು ಕ್ರಿಶ್ಚಿಯನ್ ಅಲ್ಲ."

ಪರದೆಯಾಚೆಯಿಂದ ಸಿಸ್ಟರ್ ದನಿ ಕೇಳಿಸಿತು. ತಿರುಗಿ ಕೂಡ ನೋಡಿರಲಿಲ್ಲ ಅವರು. "ಪರವಾಗಿಲ್ಲ, ನೀನೇ ಕೊಡು. ನೀರು ಬೆಚ್ಚಗಿರಲಿ, ಮಗು ತಣ್ಣಗಾಗಬಾರದು. ಆಮೇಲೆ ಕೂಡಲೇ ಒರೆಸು."

ಆ ಮಾತಿನಲ್ಲಿ ದೇವರಿಗಿಂತ ಜಾಸ್ತಿ ನರ್ಸಿಂಗ್ ಇತ್ತು. ಅದೇ ನನಗೆ ಧೈರ್ಯ ಕೊಟ್ಟದ್ದು. ಸಿರಿಂಜಿನಲ್ಲಿ ಡಿಸ್ಟಿಲ್ಡ್ ವಾಟರ್ ಎಳೆದು ವಾರ್ಮರ್ ಕೆಳಗೆ ಇಟ್ಟೆ. ಮುಂಗೈ ಮೇಲೆ ಒಂದು ಹನಿ ಬಿಟ್ಟು ನೋಡಿದೆ. ಹೆಸರು ಏನು ಅಂತ ಕೇಳಿದೆ. ಅವನು ತನ್ನ ತಾಯಿಯ ಹೆಸರು ಹೇಳಿದ. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಸಿರಿಂಜು. ಆ ಹೆಸರು ಹೇಳಿ, "ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ," ಅಂದೆ. ಮೂರು ಸಲ ನೀರು ಬಿಟ್ಟೆ. ನೀರು ಹಣೆಯಿಂದ ಕಿವಿಯ ಹಿಂದಕ್ಕೆ ಹರಿಯಿತು. ಹರಿದದ್ದನ್ನು ಕಣ್ಣಾರೆ ನೋಡಿದೆ. ಕೊನೆಗೆ ಆಮೆನ್ ಹೇಳಬೇಕೋ ಬೇಡವೋ ಗೊತ್ತಾಗದೆ ಸುಮ್ಮನಾದೆ. ಬಾಗಿಲಲ್ಲಿ ಅವನೇ ಹೇಳಿದ.

ಒರೆಸಿದೆ. ಮತ್ತೆ ಬ್ಯಾಗು ಒತ್ತಿದೆ. ಧರ್ಮಸಭೆ ಮಾಡುವುದನ್ನೇ ಮಾಡುವ ಮನಸ್ಸು ನನಗಿತ್ತಾ? ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಇದ್ದದ್ದು ಮಗುವಿನ ತುಟಿಯ ಬಣ್ಣ ಒಂದೇ.

ಬೆಳಗಿನ ಜಾವದ ಹೊತ್ತಿಗೆ ಮಗು ತಾನೇ ಉಸಿರೆಳೆಯಲು ಶುರುಮಾಡಿತು. ನೀರಿನಿಂದ ಅಂತ ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ. ನಾನು ಎರಡೂವರೆ ತಾಸು ಬ್ಯಾಗು ಒತ್ತಿದ್ದೆ, ನನ್ನ ಹೆಬ್ಬೆರಳು ಆಮೇಲೆ ಎರಡು ದಿನ ಮಡಚಲಿಲ್ಲ. ಬೆಳಕು ಹರಿದ ಮೇಲೆ ಆಂಬುಲೆನ್ಸಿನಲ್ಲಿ ಮಣಿಪಾಲಕ್ಕೆ ಕಳಿಸಿದರು, ಆಗಿನ ಹೆದ್ದಾರಿ 17ರ ಗುಂಡಿಗಳ ಮೇಲೆ. ನಮ್ಮ ಜಿಲ್ಲೆಯಲ್ಲಿ ಸೀರಿಯಸ್ ಅಂದರೆ ಮಣಿಪಾಲ, ಮಂಗಳೂರು, ಇಲ್ಲ ಗೋವಾ. ನಮಗೊಂದು ದೊಡ್ಡ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ಜಿಲ್ಲೆಯ ಹುಡುಗರೆಲ್ಲ ಸೇರಿ ಸೋಶಿಯಲ್ ಮೀಡಿಯಾದಲ್ಲಿ ಕೂಗಿದ್ದು ಇದಕ್ಕೇ. ಹೆದ್ದಾರಿಯ ನಂಬರ್ ಬದಲಾಯಿತು. ದಾರಿ ಬದಲಾಗಿಲ್ಲ.

ಹದಿನೈದು ದಿನದ ಮೇಲೆ ಆ ಊರಿನ ಇಗರ್ಜಿಯ ಪಾದ್ರಿಗಳು ಬಂದರು. ನನ್ನನ್ನು ಆಫೀಸಿಗೆ ಕರೆಸಿದರು. ನಾನು ಬೈಗುಳಕ್ಕೆ ತಯಾರಾಗಿ ಹೋದೆ. ಅವರು ಕನ್ನಡಕ ಹಾಕಿಕೊಂಡು ಪರೀಕ್ಷೆಯ ಹಾಗೆ ಕೇಳತೊಡಗಿದರು. ಯಾವ ನೀರು? ತಲೆ ಮೇಲೆ ಹರಿಯಿತಾ? ಎಷ್ಟು ಸಲ? ಏನು ಮಾತು ಹೇಳಿದೆ? ಹೇಳು ನೋಡೋಣ. ಹೇಳಿದೆ. ತಲೆಯಾಡಿಸಿದರು. ಹಾಗಾದರೆ ಇದು ಸರಿಯಾಗಿಯೇ ಆಗಿದೆ, ಮತ್ತೆ ಕೊಡುವ ಹಾಗಿಲ್ಲ, ಜ್ಞಾನಸ್ನಾನ ಒಂದೇ ಸಲ ಅಂದರು. ಮಗು ಹುಷಾರಾಗಿ ಬಂದ ಮೇಲೆ ಎಣ್ಣೆ, ಬಿಳಿ ಬಟ್ಟೆ, ಮೇಣದಬತ್ತಿ, ಉಳಿದ ಶಾಸ್ತ್ರ ಅಷ್ಟೇ.

ಆಮೇಲೆ ಒಂದು ಉದ್ದದ ಪುಸ್ತಕ ತೆರೆದರು. ಮಗುವಿನ ಹೆಸರು, ತಂದೆತಾಯಿ, ತಾರೀಕು. ಕೊನೆಯಲ್ಲಿ ಕೊಟ್ಟವರ ಹೆಸರಿಗೆ ಒಂದು ಕಾಲಂ. ಅದರಲ್ಲಿ ಮೇಲಿಂದ ಕೆಳಗೆ ಬರೀ ಪಾದ್ರಿಗಳ ಹೆಸರು.

"ನಿನ್ನ ಪೂರ್ತಿ ಹೆಸರು?"

ಹೇಳಿದೆ. ಭಟ್ ಅಂತ ಬರುವಾಗ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಬರೆದರು.

"ಫಾದರ್, ಅಪ್ಪನ ಹೆಸರು ಬೇಡ ಅಲ್ವಾ?" ಅಂತ ಕೇಳಿದೆ.

ಅವರಿಗೆ ನಗು ತಡೆಯಲಾಗಲಿಲ್ಲ. "ಬೇಡ, ಬೇಡ. ಅಪ್ಪನಿಗೆ ಇದರಲ್ಲಿ ಪಾಲಿಲ್ಲ."

ಅಪ್ಪಯ್ಯನಿಗೆ ನಾನು ಇದನ್ನು ಕೊನೆಯವರೆಗೂ ಹೇಳಲಿಲ್ಲ. ಹೇಳಿದ್ದರೆ ಏನನ್ನುತ್ತಿದ್ದ ಅಂತ ಈಗಲೂ ಯೋಚಿಸುತ್ತೇನೆ. ಸಿಟ್ಟಾಗುತ್ತಿದ್ದನೋ, ಮಂತ್ರದಲ್ಲಿ ತಪ್ಪು ಆಗಲಿಲ್ಲ ತಾನೇ ಅಂತ ಕೇಳುತ್ತಿದ್ದನೋ. ಪುರೋಹಿತ ಅವನು, ಎರಡನೆಯದೇ ಜಾಸ್ತಿ ಸಾಧ್ಯ. ತಮ್ಮನಿಗೂ ಅವತ್ತು ಫೋನಿನಲ್ಲಿ ಪೂರ್ತಿ ಹೇಳಲಿಲ್ಲ. ಮಗಳನ್ನು ಸೇರಿಸು, ಚೌತಿಗೆ ರಜೆ ಕೊಡ್ತಾರಾ ಅಂತ ಮೊದಲೇ ಕೇಳಿಕೋ ಅಂದೆ.

ಮಳೆ ಮುಗಿದು ದೋಣಿಗಳು ಕಡಲಿಗಿಳಿದ ಮೇಲೆ ಒಂದು ಸಂಜೆ ಮಗುವಿನ ಅಪ್ಪ ಹಾಸ್ಟೆಲ್ ಗೇಟಿಗೆ ಬಂದ. ಮಗು ಮನೆಗೆ ಬಂದಿದೆ, ಎರಡೂವರೆ ಕಿಲೋ ಆಗಿದೆ ಅಂದ. ನನ್ನ ಕೈಗೊಂದು ಪೇಪರ್ ಪೊಟ್ಟಣ ಕೊಟ್ಟ. ತಣ್ಣಗೆ, ಭಾರವಾಗಿತ್ತು. ಬಿಡಿಸಿದರೆ ಒಂದು ಮೊಳ ಉದ್ದದ ಇಸ್ವಾಣ ಮೀನು. ಅವತ್ತು ಬೆಳಗ್ಗೆ ಬಂದದ್ದು, ಪೇಟೆಯಲ್ಲಿ ಸಿಗುವುದಿಲ್ಲ ಇಂಥದ್ದು ಅಂತ ಅವನೇ ಹೇಳಿದ. ನಾನು ತಿನ್ನುವುದಿಲ್ಲ ಅಂತ ಹೇಳಲು ಬಾಯಿ ಬರಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದೆ.

ಹಳಿಯಾಳದವಳು ನೋಡಿ ಬಿದ್ದು ಬಿದ್ದು ನಕ್ಕಳು. ಜಾತ್ರೆ ಆದಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಅಡುಗೆಯವಳನ್ನು ಕಾಡಿ ಬೇಡಿ ಒಲೆ ಕೇಳಿ, ತಾನೇ ಕೊಯ್ದು, ಮಸಾಲೆ ಹಚ್ಚಿ ಹುರಿದಳು. ಮೆಸ್ಸಿನಲ್ಲಿ ಎಲ್ಲರ ಊಟ ಮುಗಿದಿತ್ತು. ಉದ್ದದ ಮೇಜಿಗೆ ಅವಳೊಬ್ಬಳೇ ತಟ್ಟೆ ಇಟ್ಟುಕೊಂಡು ಕೂತಳು. ಹೊರಗೆ ಜಗಲಿಯಲ್ಲಿ ಗಾಳಿ ಚೆನ್ನಾಗಿ ಬರ್ತದೆ, ಅಲ್ಲಿ ಕೂರ್ತೀಯಾ ಅಂತ ನನ್ನನ್ನು ಕೇಳಿದಳು.

ಬೇಡ ಅಂದೆ. ಗಂಜಿ ಹಾಕಿಕೊಂಡು, ಆಯಿಯ ಭರಣಿಯಿಂದ ಒಂದು ಮಿಡಿ ತೆಗೆದುಕೊಂಡು ಅವಳ ಪಕ್ಕದಲ್ಲೇ ಕೂತೆ. ಅವಳು ಮುಳ್ಳು ಬಿಡಿಸುತ್ತ, ಕೇಳದೆಯೇ ನನ್ನ ತಟ್ಟೆಯಿಂದ ಅರ್ಧ ಮಿಡಿ ಕಿತ್ತುಕೊಂಡಳು.